ಓದುಗರ ಪ್ರಶ್ನೆ: ಅಳತೆ ಸರಿ, ಸ್ಲಾಟ್ ಮಾತ್ರ ಎದುರು ಬದಿಗೆ

ಪ್ರಶ್ನೆ: ಪೀಣ್ಯದಲ್ಲಿ ಮಿಲ್ಲಿಂಗ್ ಆಪರೇಟರ್ ಆಗಿದ್ದೇನೆ. ಅಮೆರಿಕದ ಗ್ರಾಹಕರ ಡ್ರಾಯಿಂಗ್ ನೋಡಿ ಮಾಡಿದ ಬ್ರಾಕೆಟ್‌ಗಳಲ್ಲಿ ಸ್ಲಾಟ್ (ಕೊರೆದ ಸೀಳು) ಎದುರು ಬದಿಗೆ ಬಂದು ಲಾಟ್ ಪೂರ್ತಿ ರಿಜೆಕ್ಟ್ ಆಯಿತು. ಅಳತೆಗಳೆಲ್ಲ ಸರಿಯಾಗಿದ್ದವು. ತಪ್ಪಿದ್ದೆಲ್ಲಿ ಸಾರ್?

ಉತ್ತರ: ನೀವು ಹೇಳುವುದನ್ನು ನೋಡಿದರೆ ಪ್ರೊಜೆಕ್ಷನ್, ಅಂದರೆ ಪೀಸಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಪದ್ಧತಿ, ಅದಲುಬದಲಾಗಿದೆ. ಐಟಿಐಯಲ್ಲಿ ಕಲಿಸುವುದು ಹೆಚ್ಚಾಗಿ ಫಸ್ಟ್ ಆ್ಯಂಗಲ್. ಅಮೆರಿಕದವರು ಬಳಸುವುದು ಥರ್ಡ್ ಆ್ಯಂಗಲ್. ಫಸ್ಟ್‌ನಲ್ಲಿ ಎಡಗಡೆಯಿಂದ ಕಂಡ ನೋಟವನ್ನು ಮುಂಭಾಗದ ನೋಟದ ಬಲಕ್ಕೆ ಬರೆಯುತ್ತಾರೆ, ಥರ್ಡ್‌ನಲ್ಲಿ ಎಡಕ್ಕೇ. ಹಾಗಾಗಿ ಪೀಸ್ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ, ಅಳತೆ ನೋಡುವ ವರ್ನಿಯರ್ ಹಿಡಿದರೆ ಗೊತ್ತೇ ಆಗುವುದಿಲ್ಲ.

ಟೈಟಲ್ ಬ್ಲಾಕ್‌ನಲ್ಲಿ (ಡ್ರಾಯಿಂಗ್‌ನ ವಿವರಗಳಿರುವ ಚೌಕದಲ್ಲಿ) ತುದಿ ಕತ್ತರಿಸಿದ ಶಂಕುವಿನ ಚಿಹ್ನೆ ಹುಡುಕಿ. ಶಂಕು ಎಡಕ್ಕೆ, ಎರಡು ವೃತ್ತ ಬಲಕ್ಕೆ ಇದ್ದರೆ ಫಸ್ಟ್. ವೃತ್ತಗಳು ಎಡಕ್ಕಿದ್ದರೆ ಥರ್ಡ್. ಚಿಹ್ನೆ ಇಲ್ಲದಿದ್ದರೆ ಊಹಿಸಬೇಡಿ, ಬರಹದಲ್ಲೇ ಕೇಳಿ ಉತ್ತರ ತರಿಸಿಕೊಳ್ಳಿ.

ಅಲ್ಲೇ ಯೂನಿಟ್ ಇಂಚೋ ಮಿಲಿಮೀಟರೋ ನೋಡಿ, ರಿವಿಷನ್ ಅಕ್ಷರವನ್ನು (ಡ್ರಾಯಿಂಗ್ ಎಷ್ಟನೇ ತಿದ್ದುಪಡಿ ಎಂದು ಹೇಳುವ ಅಕ್ಷರ) ಪರ್ಚೇಸ್ ಆರ್ಡರ್‌ನೊಂದಿಗೆ ತಾಳೆ ಹಾಕಿ. ರಂಧ್ರ, ಶಾಫ್ಟ್‌ಗಳ ಅಳತೆ ಎಷ್ಟರವರೆಗೆ ಹೆಚ್ಚುಕಡಿಮೆ ಇರಬಹುದೆಂದು ಹೇಳುವ ಫಿಟ್ ಸಂಕೇತಗಳಲ್ಲೂ ಎಚ್ಚರ ಬೇಕು: 25 ಮಿ.ಮೀ. ರಂಧ್ರಕ್ಕೆ ದೊಡ್ಡಕ್ಷರದ ಎಚ್ 7 (H7) ಎಂದಿದ್ದರೆ 25.000ರಿಂದ 25.021; ಸಣ್ಣಕ್ಷರದ ಎಚ್ 7 (h7) ಶಾಫ್ಟಿಗೆ, ಅದು 24.979ರಿಂದ 25.000. ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಅಳೆಯುವುದಂತೂ ಬೇಡವೇ ಬೇಡ.

ಮೊದಲ ಪೀಸ್ ಇಳಿದ ತಕ್ಷಣ ಅದನ್ನು ಡ್ರಾಯಿಂಗ್ ಪಕ್ಕದಲ್ಲಿಟ್ಟು, ಸ್ಲಾಟ್ ಯಾವ ಕಡೆಗಿದೆ ಎಂದು ಇನ್ನೊಬ್ಬರಿಂದ ನೋಡಿಸಿ. ಅವರು ಸಹಿ ಹಾಕಿದ ಮೇಲೆಯೇ ಎರಡನೆಯದನ್ನು ವೈಸ್‌ಗೆ ಕಟ್ಟಿ.