ಪ್ರಶ್ನೋತ್ತರ: ಘಾತ ಶ್ರೇಣಿಯ ಎರಡು ತುದಿಗಳು

ಪ್ರಶ್ನೆ: ಶ್ರೇಣಿಯ ಎನ್‌ನೇ ಪದದ ಅಂಶದಲ್ಲಿ (ಎಕ್ಸ್ − 3)ರ ಎನ್‌ನೇ ಘಾತವಿದೆ, ಛೇದದಲ್ಲಿ ಎನ್ ಮತ್ತು 2ರ ಎನ್‌ನೇ ಘಾತದ ಗುಣಲಬ್ಧ. ಎನ್ 1ರಿಂದ ಶುರು. ಎಕ್ಸ್‌ನ ಯಾವ ಬೆಲೆಗಳಿಗೆ ಶ್ರೇಣಿ ಅಭಿಸರಿಸುತ್ತದೆ, ಅಂದರೆ ಮೊತ್ತ ಒಂದು ನಿಶ್ಚಿತ ಸಂಖ್ಯೆಗೆ ಸಮೀಪಿಸುತ್ತದೆ, ಎಂದು ಕೇಳಿದ್ದರು. ಅನುಪಾತ ಪರೀಕ್ಷೆ ಮಾಡಿ 1 < ಎಕ್ಸ್ < 5 ಎಂದು ಬರೆದೆ. 5 ಅಂಕಕ್ಕೆ 3 ಬಂತು. ತಪ್ಪಿದ್ದೆಲ್ಲಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಗದಗ

ಉತ್ತರ: ಬರೆದಷ್ಟು ಸರಿ ಇದೆ, ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ. ಮುಂದಿನ ಪದವನ್ನು ಹಿಂದಿನದರಿಂದ ಭಾಗಿಸಿ ಮಾಡ್ಯುಲಸ್ ತೆಗೆದರೆ |ಎಕ್ಸ್ − 3|/2 × ಎನ್/(ಎನ್ + 1) ಉಳಿಯುತ್ತದೆ. ಲಿಮಿಟ್ |ಎಕ್ಸ್ − 3|/2. ಅದು 1ಕ್ಕಿಂತ ಕಡಿಮೆ ಇರಬೇಕಾದ್ದರಿಂದ ತ್ರಿಜ್ಯ, ಅಂದರೆ ಕೇಂದ್ರದಿಂದ ಎರಡೂ ಬದಿಗೆ ಶ್ರೇಣಿ ಅಭಿಸರಿಸುವ ದೂರ, 2. ಕೇಂದ್ರ 3 ಎಂಬುದನ್ನು ನೀವು ಮರೆತಿಲ್ಲ, ಸಂತೋಷ. ಬಹಳ ಮಂದಿ −2ರಿಂದ 2 ಎಂದು ಬರೆದುಬಿಡುತ್ತಾರೆ. ಹುಬ್ಬಳ್ಳಿಯಿಂದ ಆಚೀಚೆ 20 ಕಿ.ಮೀ. ಅಳೆಯಿರಿ ಎಂದಾಗ ಗದಗದಿಂದ ಅಳೆದಂತೆ ಅದು.

ಉಳಿದ 2 ಅಂಕ ತುದಿಗಳದ್ದು. ಎಕ್ಸ್ 1 ಅಥವಾ 5 ಆದಾಗ ಲಿಮಿಟ್ ಸರಿಯಾಗಿ 1 ಬರುತ್ತದೆ; ಆಗ ಅನುಪಾತ ಪರೀಕ್ಷೆಯಿಂದ ಏನೂ ತಿಳಿಯದು. ಕಾರಣ, ಆ ಪರೀಕ್ಷೆ ಶ್ರೇಣಿಯನ್ನು ಗುಣೋತ್ತರ ಶ್ರೇಣಿಯೊಡನೆ ಹೋಲಿಸುತ್ತದೆ. ತುದಿಯಲ್ಲಿ 2ರ ಘಾತಗಳು ಮೇಲೆ ಕೆಳಗೆ ಹೊಡೆದುಹೋಗಿ ಬರೀ 1/ಎನ್ ಉಳಿಯುತ್ತದೆ, ಅಷ್ಟು ನಿಧಾನದ ಇಳಿಕೆ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಎರಡೂ ಬೆಲೆಗಳನ್ನು ಮೂಲ ಶ್ರೇಣಿಯಲ್ಲೇ ಆದೇಶಿಸಬೇಕು.

ಎಕ್ಸ್ = 5: 1 + 1/2 + 1/3 + 1/4 + … ಪದಗಳು 0ಗೆ ಇಳಿದರೂ ಮೊತ್ತ ನಿಲ್ಲುವುದಿಲ್ಲ. 1/3 + 1/4 ಅರ್ಧಕ್ಕಿಂತ ಹೆಚ್ಚು. ಮುಂದಿನ 4 ಪದಗಳ ಮೊತ್ತವೂ, ಅದರ ಮುಂದಿನ 8ರದ್ದೂ ಹಾಗೆಯೇ. ಅರ್ಧಗಳು ಸೇರುತ್ತಲೇ ಹೋಗುತ್ತವೆ. 14ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಒರೆಮ್ ಕೊಟ್ಟ ಈ ಸಾಧನೆಗಿಂತ ಚೆಂದದ್ದು ಸಿಗುವುದು ಕಷ್ಟ.

ಎಕ್ಸ್ = 1: −1 + 1/2 − 1/3 + … ಚಿಹ್ನೆ ಬದಲಾಗುತ್ತಿದೆ, ಪದಗಳ ಗಾತ್ರ ಕುಗ್ಗುತ್ತಿದೆ, ಲಿಮಿಟ್ 0. ಲೈಬ್ನಿಜ್ ಪರೀಕ್ಷೆಯಂತೆ ಅಭಿಸರಿಸುತ್ತದೆ. ಈ ಮೂರೂ ಷರತ್ತುಗಳನ್ನು ಉತ್ತರಪತ್ರಿಕೆಯಲ್ಲಿ ಬರೆಯಿರಿ. ಉತ್ತರ 1 ≤ ಎಕ್ಸ್ < 5, ಅಂದರೆ [1, 5).

ಛೇದದಲ್ಲಿ ಎನ್ ಬದಲು ಎನ್‌ನ ವರ್ಗವಿದ್ದರೆ ಎರಡೂ ತುದಿ ಸೇರುತ್ತವೆ. ಎನ್ ಇಲ್ಲವೇ ಇಲ್ಲದಿದ್ದರೆ ಎರಡೂ ಹೊರಗೆ. ಬಿಡಿಸಿ ನೋಡಿ.

ಪ್ರಶ್ನೆ: ಅಂಶದಲ್ಲಿ ಎಕ್ಸ್‌ನ 2ಎನ್‌ನೇ ಘಾತ, ಛೇದದಲ್ಲಿ 9ರ ಎನ್‌ನೇ ಘಾತ. ನನಗೆ ತ್ರಿಜ್ಯ 9 ಬಂತು, ಪುಸ್ತಕದಲ್ಲಿ 3 ಇದೆ.
– ಓದುಗ, ಹಾವೇರಿ

ಉತ್ತರ: ಪುಸ್ತಕ ಸರಿ. ನೀವು ಸಹಗುಣಕಗಳನ್ನಷ್ಟೇ ಭಾಗಿಸಿದ್ದೀರಿ. ಆ ಸೂತ್ರ ಅಕ್ಕಪಕ್ಕದ ಘಾತಗಳಿಗೆ. ಇಲ್ಲಿ ಬೆಸ ಘಾತಗಳ ಸಹಗುಣಕ 0. ಇಡೀ ಪದಗಳನ್ನೇ ಭಾಗಿಸಿದರೆ ಎಕ್ಸ್‌ನ ವರ್ಗ/9 ಬರುತ್ತದೆ. ಅದು 1ಕ್ಕಿಂತ ಕಡಿಮೆ ಎಂದರೆ |ಎಕ್ಸ್| < 3. ತುದಿಗಳಾದ 3, −3ರಲ್ಲಿ ಪ್ರತಿ ಪದವೂ 1, ಆದ್ದರಿಂದ ಎರಡೂ ಸೇರುವುದಿಲ್ಲ.