ಒಂದೇ ಸಕ್ಕರೆಯ ಗೋಡೆಯಲ್ಲಿ ಬೇರೆ ಬೇರೆ ಗುರುತುಗಳು

ಪ್ರಶ್ನೆ: ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ವೈರಸ್‌ಗಳ ಕಿಣ್ವವು ಕೋಶಭಿತ್ತಿಯ ಸಕ್ಕರೆಯನ್ನು ಹಿಡಿದು ಕತ್ತರಿಸುತ್ತದೆ ಎಂದು ತರಗತಿಯಲ್ಲಿ ಕಲಿತೆವು. ಎಲ್ಲ ಬ್ಯಾಕ್ಟೀರಿಯಾಗಳ ಭಿತ್ತಿಯಲ್ಲಿಯೂ ಅವೇ ಎರಡು ಸಕ್ಕರೆಗಳಿರುವಾಗ ಒಂದು ಕಿಣ್ವ ಒಂದೇ ಜಾತಿಯನ್ನು ಆರಿಸಿಕೊಳ್ಳುವುದು ಹೇಗೆ? ನಮ್ಮ ಹಟ್ಟಿಯ ದನಗಳಿಗೆ ಬರುವ ಕೆಚ್ಚಲುಬಾವಿಗೆ ಇದರಿಂದ ಪ್ರಯೋಜನವಾಗಬಹುದೇ?
– ಪದವಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಹುಟ್ಟಿದೆ. ಪೆಪ್ಟಿಡೊಗ್ಲೈಕಾನ್ ಎಂಬ ಭಿತ್ತಿಯ ಎಳೆಗಳಲ್ಲಿ ಎನ್-ಅಸಿಟೈಲ್‌ಗ್ಲುಕೋಸಮೀನ್ ಮತ್ತು ಎನ್-ಅಸಿಟೈಲ್‌ಮುರಾಮಿಕ್ ಆಮ್ಲ ಎಂಬ ಎರಡು ಸಕ್ಕರೆಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಎಳೆ ಎಳೆಗಳ ನಡುವೆ ಅಮೈನೊ ಆಮ್ಲಗಳ ಚಿಕ್ಕ ಸೇತುವೆಗಳಿರುತ್ತವೆ. ಈ ಮೂಲ ಹಂದರ ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳಿಗೂ ಸಮಾನವಾದುದರಿಂದ, ಅದನ್ನು ಮಾತ್ರ ಗುರುತಿಸುವ ಕಿಣ್ವಕ್ಕೆ ಜಾತಿಭೇದ ತಿಳಿಯಲಾರದು. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ವರದಿ ಮಾಡಿದ ಲೈಸೋಜೈಮ್ ಅಂಥದ್ದು. ನಮ್ಮ ಕಣ್ಣೀರಿನಲ್ಲಿಯೂ ಕೋಳಿಮೊಟ್ಟೆಯ ಬಿಳಿಯಲ್ಲಿಯೂ ಇರುವ ಈ ಕಿಣ್ವದ ಮೈಯಲ್ಲಿ ಒಂದು ಸೀಳಿದ್ದು, ಅದರಲ್ಲಿ ಸಾಲಾಗಿ ಆರು ಸಕ್ಕರೆ ಘಟಕಗಳು ಕೂರುತ್ತವೆ ಎಂಬುದನ್ನು 1965ರಲ್ಲಿ ಡೇವಿಡ್ ಫಿಲಿಪ್ಸ್ ಅವರ ತಂಡ ಕ್ಷ-ಕಿರಣಗಳ ಸಹಾಯದಿಂದ ತೋರಿಸಿಕೊಟ್ಟಿತು. ಈ. ಕೋಲಿಯ ಮೇಲೆ ಬೀಳುವ ಟಿ4 ಫೇಜಿನ ಲೈಸೋಜೈಮಿನಲ್ಲಿ 164 ಅಮೈನೊ ಆಮ್ಲಗಳಿವೆ. ಅವುಗಳ ಅನುಕ್ರಮ ಮೊಟ್ಟೆಯ ಲೈಸೋಜೈಮಿಗಿಂತ ತೀರ ಭಿನ್ನವಾಗಿದ್ದರೂ ಸಕ್ಕರೆ ಕೂರುವ ಸೀಳು ಮಾತ್ರ ಅದೇ ಬಗೆಯದು.

ಆರಿಸುವ ಕೆಲಸ ಹೆಚ್ಚಾಗಿ ನಡೆಯುವುದು ಕತ್ತರಿಸುವ ಭಾಗದಲ್ಲಲ್ಲ. ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇಲ್ಲದ ಗ್ರಾಂ-ಧನ ಬ್ಯಾಕ್ಟೀರಿಯಾಗಳ ಫೇಜ್‌ಗಳು ತಯಾರಿಸುವ, ಭಿತ್ತಿಯನ್ನು ಕತ್ತರಿಸುವ ಎಂಡೋಲೈಸಿನ್ ಎಂಬ ಕಿಣ್ವಗಳಲ್ಲಿ ಸಾಮಾನ್ಯವಾಗಿ ಒಂದು ತುದಿಯಲ್ಲಿ ಕತ್ತರಿಸುವ ಭಾಗವೂ ಇನ್ನೊಂದು ತುದಿಯಲ್ಲಿ ಭಿತ್ತಿಗೆ ಅಂಟಿಕೊಳ್ಳುವ ಭಾಗವೂ ಇದ್ದು, ನಡುವೆ ಬಾಗಬಲ್ಲ ಕೊಂಡಿಯೊಂದಿರುತ್ತದೆ. ಅಡಿಕೆ ಮರ ಏರಿದವರು ತಳೆಯಲ್ಲಿ ಕಾಲನ್ನು ಭದ್ರಪಡಿಸಿಕೊಂಡ ಮೇಲೆ ಗೊನೆಗೆ ಕತ್ತಿ ಹಾಕುವಂತೆ, ಕಿಣ್ವವೂ ಮೊದಲು ನೆಲೆ ಹಿಡಿದು ಬಳಿಕ ಕೊಯ್ಯುತ್ತದೆ. ಈ ಹಿಡಿತದ ಭಾಗವು ಮೂಲ ಹಂದರವನ್ನಲ್ಲ, ಅದರ ಮೇಲಿನ ಅಲಂಕಾರಗಳನ್ನು ಓದುತ್ತದೆ. ಆಯಾ ಜಾತಿಯ, ಕೆಲವೊಮ್ಮೆ ಆಯಾ ಉಪಜಾತಿಯ ಬ್ಯಾಕ್ಟೀರಿಯಾ ತನ್ನ ಭಿತ್ತಿಗೆ ಟೀಕೋಯಿಕ್ ಆಮ್ಲದ ಸರಗಳನ್ನು ಜೋಡಿಸಿ, ಅವುಗಳ ಮೇಲೆ ತನ್ನದೇ ಆದ ಸಕ್ಕರೆಗಳನ್ನು ಕೂರಿಸಿಕೊಂಡಿರುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಫೇಜ್‌ಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಒಂದು ಫೇಜಿನ ಹಿಡಿತದ ಭಾಗ ಕೆಲವು ಸೀರಂ-ಪ್ರಭೇದಗಳಿಗಷ್ಟೇ (ಹೊರಮೈಯ ಗುರುತುಗಳಿಂದ ವಿಂಗಡಿಸಿದ ಉಪಗುಂಪುಗಳು) ಅಂಟಿದರೆ, ಇನ್ನೊಂದರದು ಬೇರೆಯವಕ್ಕೆ ಅಂಟುತ್ತದೆ, ಟೀಕೋಯಿಕ್ ಆಮ್ಲದ ಮೇಲಿನ ಎನ್-ಅಸಿಟೈಲ್‌ಗ್ಲುಕೋಸಮೀನನ್ನೇ ಅವಲಂಬಿಸಿದ ಒಂದು ಹಿಡಿತದ ಭಾಗವಂತೂ ಆ ಸಕ್ಕರೆ ಇಲ್ಲದ ರೂಪಾಂತರಿಗಳನ್ನು ಹಿಡಿಯಲಾರದು. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನ ಫೇಜಿನ ಸಿಪಿಎಲ್-1 ಎಂಬ ಕಿಣ್ವ ಹುಡುಕುವುದು ಟೀಕೋಯಿಕ್ ಆಮ್ಲದ ಸಕ್ಕರೆಗೆ ಫಾಸ್ಫೇಟಿನ ಮೂಲಕ ಜೋಡಿಸಿಕೊಂಡ ಕೋಲೀನ್ ಎಂಬ ಚಿಕ್ಕ ಅಣುವನ್ನು.

ಇನ್ನು ‘ಹಿಡಿಯುವುದು’ ಎಂದರೆ ಅಣುಗಳ ಮಟ್ಟದಲ್ಲಿ ಏನು? ಸಕ್ಕರೆಯ ಉಂಗುರದ ಅಂಚಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಕಿಣ್ವದ ಅಮೈನೊ ಆಮ್ಲಗಳೊಡನೆ ಹೈಡ್ರೋಜನ್ ಬಂಧಗಳನ್ನು ಏರ್ಪಡಿಸಿಕೊಳ್ಳುತ್ತವೆ. ಉಂಗುರದ ನೀರೊಲ್ಲದ ಮೈ ಟ್ರಿಪ್ಟೊಫಾನ್ ಅಥವಾ ಟೈರೋಸಿನ್‌ನ ಚಪ್ಪಟೆ ಉಂಗುರಕ್ಕೆ ಒರಗಿಕೊಳ್ಳುತ್ತದೆ. ಒಂದು ಹೈಡ್ರಾಕ್ಸಿಲ್ ಮೇಲ್ಮುಖವಾಗಿರುವ ಬದಲು ಕೆಳಮುಖವಾದರೂ ಜೋಡಣೆ ತಪ್ಪುವುದರಿಂದ, ರಾಸಾಯನಿಕ ಸೂತ್ರ ಒಂದೇ ಆಗಿರುವ ಸಕ್ಕರೆಗಳನ್ನೂ ಕಿಣ್ವ ಬೇರ್ಪಡಿಸಿ ಗುರುತಿಸಬಲ್ಲದು. ಈ ಬಂಧಗಳು ಒಂದೊಂದಾಗಿ ತೀರ ದುರ್ಬಲ. ಆದರೆ ಭಿತ್ತಿಯ ಮೇಲೆ ಒಂದೇ ಗುರುತು ಸಾವಿರಾರು ಬಾರಿ ಮರುಕಳಿಸುವುದರಿಂದ, ಹಲವು ಹಿಡಿತಗಳಿರುವ ಕಿಣ್ವ ಒಂದು ಕಡೆ ಜಾರಿದರೂ ಮತ್ತೊಂದು ಕಡೆ ಅಂಟಿಯೇ ಇರುತ್ತದೆ. ಗಂಟಲು ನೋವು ತರುವ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ವಿರುದ್ಧದ ಪಿಎಲ್‌ವೈ-ಸಿ ಎಂಬ ಕಿಣ್ವದಲ್ಲಿ ಕತ್ತರಿಸುವ ಘಟಕ ಒಂದೇ ಒಂದು, ಹಿಡಿಯುವ ಘಟಕಗಳು ಎಂಟು, ಅವೂ ಉಂಗುರಾಕಾರದಲ್ಲಿ. ಇದರ 10 ನ್ಯಾನೋಗ್ರಾಂನಷ್ಟು ಪ್ರಮಾಣ ಸುಮಾರು ಒಂದು ಕೋಟಿ ಸ್ಟ್ರೆಪ್ಟೊಕಾಕಸ್‌ಗಳನ್ನು 5 ಸೆಕೆಂಡುಗಳಲ್ಲಿ ಇಲ್ಲವಾಗಿಸಿತೆಂದು 2001ರಲ್ಲಿ ಪ್ರಕಟವಾದ ಫಲಿತಾಂಶವು ಈ ವಿಷಯದಲ್ಲಿ ನಾನು ಓದಿದವುಗಳಲ್ಲೆಲ್ಲ ಅತ್ಯಂತ ಬೆರಗು ಹುಟ್ಟಿಸಿದ್ದು.

ಈ. ಕೋಲಿ, ಸಾಲ್ಮೊನೆಲ್ಲಾಗಳಂಥ ಗ್ರಾಂ-ಋಣ ಬ್ಯಾಕ್ಟೀರಿಯಾಗಳ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಹೊರಗಿನಿಂದ ಹಾಕಿದ ಎಂಡೋಲೈಸಿನ್ ಸಾಮಾನ್ಯವಾಗಿ ಒಳಗೆ ತಲುಪಲಾರದು. ಅಲ್ಲಿ ಸಕ್ಕರೆ ಗುರುತಿಸುವ ಹೊಣೆ ಫೇಜಿನ ಬಾಲದ್ದು. ಸಾಲ್ಮೊನೆಲ್ಲಾದ ಪಿ22 ಫೇಜಿನ ಬಾಲದ ಮುಳ್ಳು, ಹೊರಪೊರೆಯಿಂದ ಚಾಚಿಕೊಂಡ ಸಕ್ಕರೆ ಸರಗಳನ್ನು ಹಿಡಿದು ರ್‍ಯಾಮ್ನೋಸ್ ಮತ್ತು ಗ್ಯಾಲಕ್ಟೋಸ್‌ಗಳ ನಡುವಿನ ಬಂಧವನ್ನೇ ಕಡಿಯುತ್ತ ಪೊರೆಯತ್ತ ಸಾಗುತ್ತದೆ.

ಕೆಚ್ಚಲುಬಾವಿನ ವಿಷಯ. ಅದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಪ್ರಮುಖವಾದುದು. ಅದು ಗ್ರಾಂ-ಧನವಾದುದರಿಂದ ಎಂಡೋಲೈಸಿನ್‌ಗೆ ನೇರವಾಗಿ ಎದುರಾಗುತ್ತದೆ. ಅದರ ಭಿತ್ತಿಯ ಸೇತುವೆಯಲ್ಲಿ ಐದು ಗ್ಲೈಸಿನ್‌ಗಳಿದ್ದು, ‘ಕೆ’ ಫೇಜಿನ ಲೈಸ್-ಕೆ ಎಂಬ ಕಿಣ್ವದ ಒಂದು ಭಾಗ ಆ ಸೇತುವೆಯ ಬುಡವನ್ನೇ ಕತ್ತರಿಸುತ್ತದೆ. ಆದರೆ ಈ. ಕೋಲಿಯಿಂದಲೂ ಕೆಚ್ಚಲುಬಾವು ಬರುವುದುಂಟು, ಅಲ್ಲಿ ಈ ಕಿಣ್ವಕ್ಕೆ ಕೆಲಸವಿಲ್ಲ. ಆದ್ದರಿಂದ ಹಾಲನ್ನು ಪರೀಕ್ಷಿಸಿ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯದೆ ಇಂಥ ಚಿಕಿತ್ಸೆಯ ಮಾತೇ ಬರುವುದಿಲ್ಲ. ಸದ್ಯಕ್ಕೆ ಪಶುವೈದ್ಯರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡುವುದನ್ನು ಬಿಡಬೇಡಿ.

ಪ್ರಶ್ನೆ: ಇಂತಹ ಕಿಣ್ವವನ್ನು ಸಿಂಪಡಿಸಿ ಅಡಿಕೆಯ ಕೊಳೆರೋಗವನ್ನು ತಡೆಯಬಹುದೇ?
– ಕೃಷಿಕರು, ಮುಳ್ಳೇರಿಯ

ಉತ್ತರ: ತಡೆಯಲಾಗದು. ಕೊಳೆರೋಗವನ್ನು ತರುವ ಫೈಟಾಫ್ತೊರಾ ಬ್ಯಾಕ್ಟೀರಿಯಾ ಅಲ್ಲ; ಅದರ ಭಿತ್ತಿ ಬೀಟಾ-ಗ್ಲೂಕಾನ್ ಮತ್ತು ಸೆಲ್ಯುಲೋಸ್‌ಗಳಿಂದ ಆಗಿದ್ದು, ಮುರಾಮಿಕ್ ಆಮ್ಲ ಅಲ್ಲಿಲ್ಲ. ಫೇಜಿನ ಕಿಣ್ವಕ್ಕೆ ಹಿಡಿಯಲು ಅಲ್ಲಿ ಏನೂ ಸಿಗುವುದಿಲ್ಲ. ಮಳೆಗಾಲದ ಮೊದಲೇ ಶೇ. 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ತಾಗುವಂತೆ ಸಿಂಪಡಿಸಿ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವ ಕ್ರಮವನ್ನೇ ಮುಂದುವರಿಸಿ.