ಹಳೆ ಕಟ್ಟಡಗಳ ಪಕ್ಕದಲ್ಲೇ ಅಷ್ಟು ಆಳ ಹೇಗೆ ಅಗೆಯುತ್ತಾರೆ?

ಮೂರು ಕಡೆ ಹಳೆ ಕಟ್ಟಡಗಳಿರುವಾಗ ನಾಲ್ಕು ಬೇಸ್‌ಮೆಂಟ್‌ನಷ್ಟು ಆಳ ಅಗೆದರೂ ಅವು ಯಾಕೆ ಬೀಳುವುದಿಲ್ಲ, ಅಗೆದ ಮೇಲೆ ತಡೆಗೋಡೆ ಕಟ್ಟುತ್ತಾರಾ ಅಂತ ಕೇಳಿದ್ದೀರಿ. ಇಂಥ ಸೈಟ್‌ಗಳಲ್ಲೇ ಕೆಲಸ ಮಾಡುವವನಾಗಿ ಹೇಳುತ್ತೇನೆ.

ಕೆಲಸ ನಡೆಯುವುದು ಉಲ್ಟಾ. ಮೊದಲು ಗೋಡೆ, ಆಮೇಲೆ ಅಗೆತ. ಇಷ್ಟು ಆಳಕ್ಕೆ, ಅದರಲ್ಲೂ ಅಂತರ್ಜಲ ಮೇಲ್ಮಟ್ಟದಲ್ಲೇ ಇದ್ದರೆ, ನಾನು ಡಯಾಫ್ರಮ್ ವಾಲ್ ಕಡೆಗೇ ವಾಲುತ್ತೇನೆ. ನಿವೇಶನದ ಅಂಚಿನಲ್ಲಿ ಕಿರಿದಾದ, ಆಳವಾದ ಕಂದಕವನ್ನು ತುಂಡು ತುಂಡಾಗಿ ತೋಡುತ್ತಾರೆ. ತೋಡುವಾಗಲೇ ಅದರ ತುಂಬ ಬೆಂಟೊನೈಟ್ ಜೇಡಿ ಕಲಸಿದ ನೀರು ಇರುತ್ತದೆ. ಅದರ ಒತ್ತಡವೇ ಬದಿಗಳನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಕಂಬಿಯ ಪಂಜರ ಇಳಿಸಿ, ಉದ್ದ ಪೈಪಿನಲ್ಲಿ ತಳದಿಂದ ಕಾಂಕ್ರೀಟ್ ತುಂಬುತ್ತಾರೆ. ಬೆಂಟೊನೈಟ್ ಮೇಲಕ್ಕೆ ಬರುತ್ತದೆ.

ಗೋಡೆಯೊಂದೇ ಸಾಲದು. ಆಳ ಎರಡು ಪಟ್ಟಾದರೆ ಮಣ್ಣು ತಳ್ಳುವ ಒಟ್ಟು ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ವಲ್ಪ ಅಗೆದು, ಆಧಾರ ಕೊಟ್ಟು, ಮತ್ತೆ ಅಗೆಯಬೇಕು. ಗೋಡೆಯಿಂದ ಗೋಡೆಗೆ ಉಕ್ಕಿನ ಸ್ಟ್ರಟ್, ಅಂದರೆ ಅಡ್ಡ ತೊಲೆ, ಕೊಡಬಹುದು, ಆದರೆ ಯಂತ್ರ ಓಡಾಡಲು ಜಾಗ ಉಳಿಯುವುದಿಲ್ಲ. ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ಆಂಕರ್ ಅನ್ನು ಹೊರಗಿನ ಮಣ್ಣಿಗೆ ಹಾಕಿದರೆ ಒಳಗೆಲ್ಲ ಖಾಲಿ, ಆದರೆ ಅದು ಹೋಗುವುದು ಪಕ್ಕದವರ ನೆಲದಡಿಗೆ. ಅವರು ಬೇಡ ಅಂದರೆ ಮುಗೀತು. ಇನ್ನೊಂದು ದಾರಿ ಟಾಪ್-ಡೌನ್: ಬೇಸ್‌ಮೆಂಟ್ ಸ್ಲ್ಯಾಬ್‌ಗಳನ್ನೇ ಮೇಲಿನಿಂದ ಕೆಳಕ್ಕೆ ಹಾಕುತ್ತಾ, ಅವುಗಳ ಅಡಿಯಲ್ಲಿ ಅಗೆಯುವುದು. ಗೋಡೆ ಕಮ್ಮಿ ಬಾಗುತ್ತದೆ. ಮಣ್ಣು ಹೊರಗೆ ಸಾಗಿಸುವುದು ಮಾತ್ರ ದೊಡ್ಡ ಗೋಳು.

ಮಣ್ಣಿಗಿಂತ ನನಗೆ ನೀರಿನ ಭಯ ಜಾಸ್ತಿ. ಸುಮ್ನೆ ಪಂಪ್ ಇಟ್ಟು ಖಾಲಿ ಮಾಡುತ್ತಾ ಹೋದರೆ ಹೊರಗಿನ ಅಂತರ್ಜಲವೂ ಇಳಿಯಬಹುದು. ಮೆತ್ತನೆ ಜೇಡಿಮಣ್ಣಾದರೆ ಅದು ಕುಗ್ಗಿ, ಮೇಲಿನ ಕಟ್ಟಡ ಕೂರುತ್ತದೆ. ಗೋಡೆಯಲ್ಲೇ ದೋಷವಿದ್ದರೆ ನೀರಿನ ಜತೆ ಮರಳೂ ನುಗ್ಗುತ್ತದೆ. ಜರ್ಮನಿಯ ಕಲೋನ್‌ನಲ್ಲಿ 2009ರಲ್ಲಿ ಮೆಟ್ರೊ ಅಗೆತದ ಪಕ್ಕದ ನಗರ ದಾಖಲೆಗಳ ಕಟ್ಟಡ ಬಿದ್ದದ್ದು ಹೀಗೇ. ಇಬ್ಬರು ಸತ್ತರು.

ಗೋಡೆ ಸ್ವಲ್ಪವಾದರೂ ಬಾಗಿಯೇ ಬಾಗುತ್ತದೆ. ಎಷ್ಟು ಅನ್ನುವುದನ್ನು ಇನ್‌ಕ್ಲೈನೋಮೀಟರ್‌ನಲ್ಲಿ ಅಳೆಯುತ್ತಿರುತ್ತೇವೆ. ಅಳೆದರೆ ಸಾಲದು, ಮಿತಿ ದಾಟಿದಾಗ ಕೆಲಸ ನಿಲ್ಲಿಸಬೇಕು. ಸಿಂಗಪುರದ ನಿಕೋಲ್ ಹೈವೇಯಲ್ಲಿ 2004ರಲ್ಲಿ ಅಳತೆಗಳು ಎಚ್ಚರಿಸಿದ್ದರೂ ಅಗೆತ ಮುಂದುವರಿಯಿತು. ಸ್ಟ್ರಟ್‌ಗಳ ಜೋಡಣೆ ಸೋತು ನಾಲ್ವರು ಸತ್ತರು.

ಆ ಹಳೆ ಕಟ್ಟಡ ನಿಮ್ಮದೇ ಆಗಿದ್ದರೆ, ಅಗೆತ ಶುರುವಾಗುವ ಮೊದಲೇ ಈಗಿರುವ ಬಿರುಕುಗಳ ಫೋಟೊ ತೆಗೆದು, ತಾರೀಖು ಹಾಕಿ, ಎರಡೂ ಕಡೆಯವರ ಸಹಿ ಮಾಡಿಸಿಕೊಳ್ಳಿ.